ತಗ್ಗು, ತೇವ, ಬಯಲು: ಎರಡು ನೆಲವಾಚಕಗಳ ಅರ್ಥಪಲ್ಲಟ

ನೆಲದ ರೂಪವನ್ನು ಹೆಸರಿಸುವ ಪದವೊಂದು ಬೇರೆ ಬೇರೆ ಪರಿಸರಗಳಲ್ಲಿ ಬಳಕೆಯಾದಾಗ ಅದರ ಅರ್ಥದ ಯಾವ ಅಂಶ ಉಳಿಯುತ್ತದೆ, ಯಾವುದು ಕಳಚುತ್ತದೆ? ಆಫ್ರಿಕಾನ್ಸ್ ಮೂಲದ ‘ಫ್ಲೇ’ಯನ್ನು ಚಳ್ಳಕೆರೆ–ಮೊಳಕಾಲ್ಮುರು ಪರಿಸರದ ‘ಬಯಲು’ವಿನೊಡನೆ ಇಟ್ಟು ಈ ಪ್ರಶ್ನೆಯನ್ನು ನಾವು ಪರಿಶೀಲಿಸುತ್ತೇವೆ. ಇವು ಜ್ಞಾತಿಪದಗಳಲ್ಲ, ಹೋಲಿಕೆಯಿರುವುದು ಅರ್ಥಪಲ್ಲಟದ ಬಗೆಯಲ್ಲಿ ಮಾತ್ರ.

‘ಫ್ಲೇ’ಯ ಮೂಲ ‘ಕಣಿವೆ’ ಎಂಬರ್ಥದ ಡಚ್ ಪದ. 1652ರಲ್ಲಿ ಕೇಪ್‌ನಲ್ಲಿ ಡಚ್ಚರ ನೆಲೆ ಆರಂಭವಾಯಿತು. ಅಲ್ಲಿ ಬೆಳೆದ ಆಫ್ರಿಕಾನ್ಸ್‌ನಲ್ಲಿ ಈ ಪದ ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನ ಜೌಗುನೆಲಕ್ಕೆ ಸಂದಿತು. ಕೇಪ್‌ಟೌನಿನ ಝೀಕೂಫ್ಲೇ ಒಂದು ಸರೋವರ; ನಮೀಬಿಯಾದ ಸೊಸುಸ್‌ಫ್ಲೇ ಬಹುಕಾಲ ಒಣಗಿಯೇ ಇರುವ ಉಪ್ಪು–ಜೇಡಿಯ ಹಾಸು. ಅರ್ಥಾತ್, ಹೆಸರಿನಲ್ಲಿ ತಗ್ಗು ಉಳಿದಿದೆ, ತೇವ ಉಳಿಯಲೇಬೇಕೆಂದಿಲ್ಲ. ಎಲ್ಲೆಡೆಯೂ ‘ಜೌಗು’ ಎಂದು ಅನುವಾದಿಸಿದರೆ ಈ ಭೇದ ಮರೆಯಾಗುತ್ತದೆ.

ತಮಿಳು, ಮಲಯಾಳಗಳ ‘ವಯಲ್’ ಗದ್ದೆ. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ಸುಪರಿಚಿತ. ಕರಾವಳಿಯಲ್ಲಿ ‘ಬೈಲು’ ಗುಡ್ಡಗಳ ನಡುವಿನ ತಗ್ಗಿನ ಗದ್ದೆನೆಲ. ಮಂಗಳೂರಿನ ಕೊಡಿಯಾಲ್‌ಬೈಲು ಎಂಬ ಸ್ಥಳನಾಮದಲ್ಲಿಯೂ ಇದೇ ಪದವಿದೆ. ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲೊಂದಾದ ಚಳ್ಳಕೆರೆ ಸೀಮೆಯಲ್ಲಾದರೋ ‘ಬಯಲು’ ಮರವಿರಳವಾದ, ತೆರೆದ ಒಣನೆಲ. ನೀರಿನ ತಾಣಗಳನ್ನು ಹೇಳಲು ಕೆರೆ, ಕಟ್ಟೆ, ಹಳ್ಳಗಳೆಂಬ ಬೇರೆ ಪದಗಳಿವೆ. ಇಲ್ಲಿ ತೇವದೊಡನೆ ತಗ್ಗೂ ಅರ್ಥದಿಂದ ಹೊರಗುಳಿದಿದೆ. ಉಳಿದಿರುವುದು ತೆರವು ಮಾತ್ರ. ನೆರೆಯ ತೆಲುಗಿನ ‘ಬಯಲು’ವಿಗೂ ತೆರೆದ ಜಾಗವೆಂದೇ ಅರ್ಥ, 1894ರ ಕಿಟ್ಟೆಲ್ ಕೋಶವೂ ಈ ಅರ್ಥವನ್ನು ದಾಖಲಿಸುತ್ತದೆ. ಬಯಲಾಟ, ಬಟ್ಟಬಯಲು ಎಂಬ ರೂಪಗಳಲ್ಲಿ ಇದೇ ಅರ್ಥವಿದೆ. ವಚನಕಾರರಲ್ಲಿ ಅದು ಶೂನ್ಯದವರೆಗೂ ಚಾಚಿದೆ. ಗದ್ದೆಯ ಅರ್ಥವೇ ಮೂಲವೆಂದು ನಾವು ವಾದಿಸುತ್ತಿಲ್ಲ. ಒಂದೇ ಧಾತು ಎರಡು ಪರಿಸರಗಳಲ್ಲಿ ಎದುರುಬದುರಾದ ನೆಲಗಳನ್ನು ಹೆಸರಿಸಿದೆ ಎಂಬುದಷ್ಟೇ ನಮ್ಮ ನಿಲುವು.

ಇದು ಕೇವಲ ಕೋಶಗಳ ವಿಚಾರವಲ್ಲ. ತೆರವು ಎಂಬ ಅರ್ಥ ‘ಖಾಲಿ’ಯತ್ತ ಜಾರುವುದು ಸುಲಭ. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳು ದನ-ಕುರಿಗಳು ಮೇಯುವ ಹುಲ್ಲುಗಾವಲುಗಳು. ಅವುಗಳ ಬಹುಭಾಗವನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ವಹಿಸಿದಾಗ ಸ್ಥಳೀಯರು ಪ್ರತಿಭಟಿಸಿದರು. ಬಯಲನ್ನು ‘ಪಾಳು’ ಎಂದು ಓದುವ ಅನುವಾದ ಅಲ್ಲಿನ ಬಳಕೆಯನ್ನೇ ಅಳಿಸುತ್ತದೆ. ಆದ್ದರಿಂದ ನೆಲವಾಚಕಗಳ ಕೋಶನಮೂದಿನಲ್ಲಿ ಪ್ರದೇಶ, ಎತ್ತರ, ತೇವ, ಸಸ್ಯ, ಬಳಕೆ ಎಂಬ ಐದನ್ನೂ ಪ್ರತ್ಯೇಕವಾಗಿ ದಾಖಲಿಸಬೇಕೆಂದು ನಾವು ಸೂಚಿಸುತ್ತೇವೆ.