ಶರತ್ಕಾಲದ ಭೂದೃಶ್ಯ ಛಾಯಾಗ್ರಹಣ (ಕಲಬುರಗಿ ಜಿಲ್ಲೆ)

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪ್ರದೇಶಗಳಲ್ಲಿ ಮುಂಗಾರು ಹಿಂದೆ ಸರಿಯುವ ಕಾಲವು ನಿಸರ್ಗ ಹಾಗೂ ಭೂದೃಶ್ಯ ಛಾಯಾಗ್ರಹಣಕ್ಕೆ ವರ್ಷದಲ್ಲೇ ಹೆಚ್ಚು ಅನುಕೂಲವಾದ ಅವಧಿ. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ಈ ಸುಮಾರು ಎರಡು ತಿಂಗಳಲ್ಲಿ ಎರೆ ಹೊಲಗಳು, ಸುಣ್ಣಕಲ್ಲಿನ ಗಣಿಗಳು, ಕಾಗಿಣಾ ನದಿಯ ಕಣಿವೆ ಮತ್ತು ಚಿಂಚೋಳಿಯ ಒಣ ಎಲೆಯುದುರು ಕಾಡು ಸ್ವಚ್ಛ ಗಾಳಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕೃಷಿ, ಗಣಿಗಾರಿಕೆ ಮತ್ತು ಸಿಮೆಂಟ್ ಉದ್ಯಮದಿಂದ ಇಲ್ಲಿನ ನೆಲ ಬದಲಾಗುತ್ತಿರುವುದರಿಂದ ಇಂತಹ ಚಿತ್ರಗಳಿಗೆ ಸೌಂದರ್ಯದ ಜೊತೆಗೆ ದಾಖಲೆಯ ಮೌಲ್ಯವೂ ಇದೆ.

## ಋತು

ಭಾರತೀಯ ಪಂಚಾಂಗದಂತೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಶರದೃತು. ಯೂರೋಪ್ ಮತ್ತು ಉತ್ತರ ಅಮೆರಿಕದ ಶರತ್ಕಾಲದ ಚಿತ್ರಗಳಲ್ಲಿ ಕೆಂಪು, ಹಳದಿ ಎಲೆಗಳೇ ಪ್ರಧಾನ. ಕಲಬುರಗಿ ಭಾಗದಲ್ಲಿ ಎಲೆ ಉದುರುವುದು ಶರತ್ಕಾಲದಲ್ಲಲ್ಲ. ತೇಗ, ಮುತ್ತುಗ ಮೊದಲಾದ ಮರಗಳು ಬೋಳಾಗುವುದು ಚಳಿಗಾಲದ ಕೊನೆಯಲ್ಲಿ, ಶಿಶಿರ ಋತುವಿನ ಹೊತ್ತಿಗೆ. ಹೀಗಾಗಿ ಇಲ್ಲಿನ ಶರತ್ಕಾಲದ ಬಣ್ಣ ಮರಗಳಿಗಿಂತ ನೆಲದಲ್ಲಿ ಹೆಚ್ಚು ಕಾಣುತ್ತದೆ: ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತದೆ, ತೊಗರಿ ಹಳದಿ ಹೂ ಬಿಡುತ್ತದೆ, ಹತ್ತಿಯ ಕಾಯಿ ಒಡೆಯುತ್ತದೆ, ಹಿಂಗಾರಿ ಜೋಳಕ್ಕಾಗಿ ಹದಗೊಳಿಸಿದ ಹೊಲ ಕಪ್ಪಾಗಿ ತೆರೆದುಕೊಂಡಿರುತ್ತದೆ.

ರೈತರು ಈ ಅವಧಿಯನ್ನು ಮಳೆ ನಕ್ಷತ್ರಗಳಿಂದ ಗುರುತಿಸುತ್ತಾರೆ. ಹಸ್ತ, ಚಿತ್ತ ಮತ್ತು ಸ್ವಾತಿ ಮಳೆಗಳು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಬರುತ್ತವೆ. ಆಶ್ವಯುಜ ಹುಣ್ಣಿಮೆಯಂದು ಬೆಳೆದು ನಿಂತ ಪೈರಿಗೆ ಪೂಜೆ ಸಲ್ಲಿಸುವ ಸೀಗಿ ಹುಣ್ಣಿಮೆಯೂ ಈ ಕಾಲದ್ದೇ. ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಣ್ಣುವ ಎಳ್ಳ ಅಮಾವಾಸ್ಯೆ ಬರುವ ಹೊತ್ತಿಗೆ ಶರದೃತು ಮುಗಿದು ಹೇಮಂತ ನಡೆದಿರುತ್ತದೆ.

## ಭೂಲಕ್ಷಣ

ಈ ಪ್ರದೇಶದಲ್ಲಿ ಎರಡು ಬಗೆಯ ಶಿಲೆಗಳು ಅಕ್ಕಪಕ್ಕದಲ್ಲಿವೆ. ಶಹಾಬಾದ್, ವಾಡಿ, ಚಿತ್ತಾಪುರ ಮತ್ತು ಸೇಡಂ ಸುತ್ತಲಿನ ಸುಣ್ಣಕಲ್ಲು ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವ ಪದರಗಳಿಗೆ ಸೇರಿದ್ದು, 50 ಕೋಟಿ ವರ್ಷಗಳಿಗಿಂತ ಹಳೆಯದು. ಉತ್ತರಕ್ಕೆ, ಚಿಂಚೋಳಿಯ ಕಡೆಗೆ ಹೋದಂತೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಹರಿವಿನಿಂದಾದ ದಖ್ಖನ್ ಶಿಲೆ ಮತ್ತು ಅದರ ಮೇಲಿನ ಕೆಂಪು ಜಂಬಿಟ್ಟಿಗೆ ಕಾಣಿಸುತ್ತವೆ. ಈ ಲಾವಾ ಶಿಲೆ ಸವೆದು ಎರೆ ಮಣ್ಣಾಗುತ್ತದೆ. ತಿಳಿಬಣ್ಣದ ಚಪ್ಪಟೆ ಕಲ್ಲು, ಕಪ್ಪು ಹೊಲ, ಕೆಂಪು ಗುಡ್ಡ ಈ ಮೂರೂ ಒಂದೇ ದಿನದ ಪ್ರಯಾಣದಲ್ಲಿ ಸಿಗುತ್ತವೆ.

ಕಾಗಿಣಾ ಇಲ್ಲಿನ ಮುಖ್ಯ ನದಿ. ತೆಲಂಗಾಣದಲ್ಲಿ ಹುಟ್ಟಿ ಸೇಡಂ ಮತ್ತು ಚಿತ್ತಾಪುರ ತಾಲೂಕುಗಳ ಮೂಲಕ ಹರಿದು ಭೀಮಾ ನದಿಯನ್ನು ಸೇರುತ್ತದೆ. ಚಿಂಚೋಳಿಯ ಬಳಿ ಹರಿಯುವ ಮುಲ್ಲಾಮಾರಿ ಇದರ ಉಪನದಿ.

## ಪ್ರಮುಖ ಸ್ಥಳಗಳು

### ಚಿಂಚೋಳಿ

ಚಿಂಚೋಳಿ ವನ್ಯಜೀವಿಧಾಮವನ್ನು 2011ರಲ್ಲಿ ಘೋಷಿಸಲಾಯಿತು. ಇದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ಇದನ್ನು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಕರೆಯುವುದುಂಟು. ತೆಲಂಗಾಣದ ಗಡಿಗೆ ತಾಗಿದ ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯ ಮತ್ತು ಎತ್ತಿಪೋತ ಜಲಪಾತ ಇಲ್ಲಿನ ಹೆಸರಾದ ತಾಣಗಳು. ಜಲಾಶಯದ ಸುತ್ತ ಗುಡ್ಡಗಳಿರುವುದರಿಂದ ಗಾಳಿಯಿಲ್ಲದ ಬೆಳಗಿನಲ್ಲಿ ನೀರಿನ ಮೇಲೆ ಅವುಗಳ ಪ್ರತಿಬಿಂಬ ಮೂಡುತ್ತದೆ. ಜಲಪಾತಕ್ಕೆ ಮಳೆಯೇ ಆಧಾರ. ಮಳೆ ನಿಂತ ಮೇಲೆ ಅದರ ಹರಿವು ಇಳಿಯುತ್ತ ಹೋಗುತ್ತದೆ. ಆದ್ದರಿಂದ ಜಲಪಾತದ ಚಿತ್ರಕ್ಕೆ ಋತುವಿನ ಆರಂಭವೂ ಹುಲ್ಲುಗಾವಲಿನ ಚಿತ್ರಕ್ಕೆ ಅದರ ಕೊನೆಯೂ ಸೂಕ್ತ.

ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ ಮತ್ತು ನರಿ ಇಲ್ಲಿ ದಾಖಲಾದ ಪ್ರಾಣಿಗಳು. ಕಾಡಿನ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ದೀಪಾವಳಿಯಲ್ಲಿ ತಾಂಡಾದ ಹೆಣ್ಣುಮಕ್ಕಳು ಹೂ ತರಲು ಗುಂಪಾಗಿ ಅಡವಿಗೆ ಹೋಗುವ ಪದ್ಧತಿಯಿದ್ದು, ಈ ಋತುವಿನಲ್ಲಿ ಜನಜೀವನ ಮತ್ತು ನಿಸರ್ಗ ಒಂದಾಗಿ ಕಾಣುವ ಸಂದರ್ಭಗಳಲ್ಲಿ ಅದೂ ಒಂದು.

### ಸೇಡಂ ಮತ್ತು ಮಳಖೇಡ

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದನು. ಈಗ ಉಳಿದಿರುವ ಕೋಟೆ ಕಾಗಿಣಾ ನದಿಯ ದಡದಲ್ಲಿದೆ. ಮಳೆ ಮುಗಿದ ಕೂಡಲೇ ಕೋಟೆಯ ಗೋಡೆಗಳ ಸಂದಿಯಲ್ಲಿ ಹುಲ್ಲು, ಬಳ್ಳಿ ಇನ್ನೂ ಹಸಿರಾಗಿದ್ದು ನದಿಯಲ್ಲಿ ನೀರೂ ಇರುತ್ತದೆ. ಬೇಸಿಗೆಯ ಚಿತ್ರಗಳಲ್ಲಿ ಇವೆರಡೂ ಸಿಗುವುದಿಲ್ಲ.

### ಚಿತ್ತಾಪುರ ಮತ್ತು ಸನ್ನತಿ

ಚಿತ್ತಾಪುರ ಪಟ್ಟಣದ ಸಮೀಪದ ನಾಗಾವಿಯಲ್ಲಿ ಪ್ರಾಚೀನ ಘಟಿಕಾಸ್ಥಾನದ ಅವಶೇಷಗಳು ಬಯಲಿನಲ್ಲಿ ಹರಡಿವೆ. ಭೀಮಾ ತೀರದ ಸನ್ನತಿಯ ಬಳಿ ಇರುವ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಉತ್ಖನನ ನಡೆಸಿ ಬೌದ್ಧ ಸ್ತೂಪವನ್ನು ಬೆಳಕಿಗೆ ತಂದಿತು. ಅಶೋಕನ ಹೆಸರು ಕೆತ್ತಿರುವ ಶಿಲ್ಪಫಲಕ ಇಲ್ಲಿ ದೊರೆತಿದೆ. ಸ್ತೂಪದ ಫಲಕಗಳು ಸುಣ್ಣಕಲ್ಲಿನವು. ಈಗಿನ ಗಣಿಗಳು ಮತ್ತು ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಗಳು ಒಂದೇ ಬಗೆಯ ಕಲ್ಲಿನ ಎರಡು ರೂಪಗಳಾಗಿ ಛಾಯಾಚಿತ್ರ ಸರಣಿಗೆ ವಸ್ತುವಾಗಬಲ್ಲವು.

### ಶಹಾಬಾದ್ ಮತ್ತು ವಾಡಿ

ಶಹಾಬಾದ್ ಕಲ್ಲು ಅಥವಾ ಪರ್ಸಿ ಎಂದು ಹೆಸರಾದ ನೆಲಹಾಸು ಕಲ್ಲು ಸಹಜವಾಗಿಯೇ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಗಣಿಯ ಗೋಡೆಗಳಲ್ಲಿ ಈ ಪದರಗಳು ಪುಸ್ತಕದ ಹಾಳೆಗಳಂತೆ ಕಾಣುತ್ತವೆ. ಕೈಬಿಟ್ಟ ಗಣಿಗಳಲ್ಲಿ ಮಳೆನೀರು ನಿಂತು ಹಸಿರು, ನೀಲಿ ಛಾಯೆಯ ಹೊಂಡಗಳಾಗುತ್ತವೆ. ಹಳ್ಳಿಗಳಲ್ಲಿ ಮನೆಯ ಗೋಡೆ, ಅಂಗಳ, ಹೊಲದ ಬೇಲಿಗಳಿಗೂ ಇದೇ ಕಲ್ಲು ಬಳಕೆಯಾಗಿದೆ.

ವಾಡಿಯು ಮುಂಬೈ–ಚೆನ್ನೈ ರೈಲು ಮಾರ್ಗದಿಂದ ಸಿಕಂದರಾಬಾದ್ ಮಾರ್ಗ ಕವಲೊಡೆಯುವ ಜಂಕ್ಷನ್. ಈ ಕವಲು ಮಾರ್ಗ 1874ರಲ್ಲಿ ಆರಂಭವಾಯಿತು. ಚಿತ್ತಾಪುರ ಮತ್ತು ಸೇಡಂ ನಿಲ್ದಾಣಗಳು ಇದೇ ಮಾರ್ಗದಲ್ಲಿವೆ. ಶಹಾಬಾದ್ ಮುಖ್ಯ ಮಾರ್ಗದಲ್ಲಿದೆ. ಚಿಂಚೋಳಿಗೆ ರಸ್ತೆಯೊಂದೇ ದಾರಿ.

## ಬೆಳಕು ಮತ್ತು ತಂತ್ರ

ಈ ಪ್ರದೇಶ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಡುಹಗಲಿನಲ್ಲಿ ಸೂರ್ಯನ ಎತ್ತರ ಸೆಪ್ಟೆಂಬರ್ 23ರ ಸುಮಾರಿಗೆ 73 ಡಿಗ್ರಿ, ಅಕ್ಟೋಬರ್ ಮಧ್ಯದಲ್ಲಿ 64 ಡಿಗ್ರಿ ಮತ್ತು ನವೆಂಬರ್ ಮಧ್ಯದಲ್ಲಿ 54 ಡಿಗ್ರಿಯಷ್ಟಿರುತ್ತದೆ. ಸೂರ್ಯ ತಗ್ಗಿದಷ್ಟೂ ನೆರಳು ಉದ್ದವಾಗಿ ನೆಲದ ಏರಿಳಿತ ಎದ್ದು ಕಾಣುತ್ತದೆ. ಬಹುಪಾಲು ಸಮತಟ್ಟಾದ ಈ ಬಯಲಿನಲ್ಲಿ ನೇಗಿಲ ಸಾಲು, ಕಲ್ಲಿನ ಪದರಗಳನ್ನು ತೋರಿಸಲು ಓರೆಯಾದ ಬೆಳಕು ಅಗತ್ಯ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯೋದಯ ಬೆಳಿಗ್ಗೆ ಸುಮಾರು 6:15ಕ್ಕೆ, ಸೂರ್ಯಾಸ್ತ ಸಂಜೆ ಸುಮಾರು 6 ಗಂಟೆಗೆ. ಸೂರ್ಯ ಮುಳುಗುವ ಬಿಂದುವೂ ಸರಿಯುತ್ತದೆ: ಸೆಪ್ಟೆಂಬರ್ 23ರಂದು ನೇರ ಪಶ್ಚಿಮದಲ್ಲಿದ್ದದ್ದು ನವೆಂಬರ್ ಮಧ್ಯದ ವೇಳೆಗೆ ಸುಮಾರು 19 ಡಿಗ್ರಿ ದಕ್ಷಿಣಕ್ಕೆ ಬಂದಿರುತ್ತದೆ.

ಎರೆ ಮಣ್ಣು ಮತ್ತು ಸುಣ್ಣಕಲ್ಲು ಎರಡೂ ಕ್ಯಾಮೆರಾದ ಬೆಳಕಿನ ಅಳತೆಯನ್ನು ತಪ್ಪಿಸುತ್ತವೆ. ಮಾಪಕವು ದೃಶ್ಯವನ್ನು ಮಧ್ಯಮ ಬೂದು ಬಣ್ಣವೆಂದು ಊಹಿಸಿಕೊಂಡು ಲೆಕ್ಕ ಹಾಕುತ್ತದೆ. ಆದ್ದರಿಂದ ಚೌಕಟ್ಟಿನ ತುಂಬ ಕಪ್ಪು ಹೊಲವಿದ್ದರೆ ಚಿತ್ರ ಅಗತ್ಯಕ್ಕಿಂತ ಬೆಳ್ಳಗಾಗುತ್ತದೆ. ಇದಕ್ಕೆ ಎಕ್ಸ್‌ಪೋಷರ್ ಅನ್ನು ತಗ್ಗಿಸಬೇಕು. ಬಿಸಿಲಿನಲ್ಲಿ ಹೊಳೆಯುವ ಕಲ್ಲಿನ ರಾಶಿಯಿದ್ದರೆ ಚಿತ್ರ ಮಂಕಾಗುತ್ತದೆ, ಅಲ್ಲಿ ಹೆಚ್ಚಿಸಬೇಕು. ಮೊಬೈಲ್ ಫೋನಿನ ಕ್ಯಾಮೆರಾದಲ್ಲಿಯೂ ಪರದೆಯ ಮೇಲೆ ಬೆಳಕಿನ ಪ್ರಮಾಣವನ್ನು ಬದಲಿಸಿ ಈ ತಿದ್ದುಪಡಿ ಮಾಡಬಹುದು.

ಪೋಲರೈಸಿಂಗ್ ಫಿಲ್ಟರ್ ನೀರಿನ ಮತ್ತು ಎಲೆಗಳ ಹೊಳಪನ್ನು ಕಡಿಮೆ ಮಾಡುತ್ತದೆ. ಆಕಾಶದ ನೀಲಿಯ ಮೇಲೆ ಅದರ ಪರಿಣಾಮ ಸೂರ್ಯನಿಂದ 90 ಡಿಗ್ರಿ ದಿಕ್ಕಿನಲ್ಲಿ ಅತಿ ಹೆಚ್ಚು. ಜಲಪಾತದ ನೀರನ್ನು ನೂಲಿನಂತೆ ತೋರಿಸಲು ನಿಧಾನ ಶಟರ್ ವೇಗ ಮತ್ತು ಟ್ರೈಪಾಡ್ ಬೇಕಾಗುತ್ತವೆ. ಮಳೆ ಧೂಳನ್ನು ತೊಳೆದ ಮರುದಿನ ದೂರದ ದೃಶ್ಯ ಅತ್ಯಂತ ಸ್ಪಷ್ಟ. ನವೆಂಬರ್‌ನಲ್ಲಿ ಬೆಳಗಿನ ತಣ್ಣನೆ ಗಾಳಿ ನೆಲಮಟ್ಟದಲ್ಲೇ ನಿಂತು ಹೊಗೆ, ಧೂಳನ್ನು ಹಿಡಿದಿಡುವುದರಿಂದ ದೂರದ ವಸ್ತುಗಳು ಮಸುಕಾಗತೊಡಗುತ್ತವೆ.

## ಕಾನೂನು ಮತ್ತು ಶಿಷ್ಟಾಚಾರ

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 28ನೆಯ ಕಲಮಿನಂತೆ ವನ್ಯಜೀವಿಧಾಮದೊಳಗೆ ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಡ್ರೋನ್ ಬಳಕೆಗೆ ಡ್ರೋನ್ ನಿಯಮಗಳು, 2021 ಅನ್ವಯಿಸುತ್ತವೆ. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗುತ್ತದೆ. ಕಾರ್ಖಾನೆ ಮತ್ತು ನಡೆಯುತ್ತಿರುವ ಗಣಿಗಳ ಆವರಣಕ್ಕೆ ಮಾಲೀಕರ ಒಪ್ಪಿಗೆ ಅಗತ್ಯ.

ಹೂ ಬಿಟ್ಟ ತೊಗರಿಯ ಸಾಲಿನೊಳಗೆ ನಡೆದರೆ ಹೂ ಉದುರಿ ಬೆಳೆಗೆ ನಷ್ಟವಾಗುತ್ತದೆ. ಹೊಲದ ಬದುವಿನ ಮೇಲೆ ನಿಂತು ಚಿತ್ರ ತೆಗೆಯುವುದು, ರೈತರನ್ನು ಮೊದಲು ಕೇಳುವುದು ವಾಡಿಕೆಯ ಶಿಷ್ಟಾಚಾರ. ತಾಂಡಾದ ಹಬ್ಬ ಮತ್ತು ಗಣಿ ಕಾರ್ಮಿಕರ ಚಿತ್ರಗಳಿಗೂ ಸಂಬಂಧಪಟ್ಟವರ ಒಪ್ಪಿಗೆ ಪಡೆಯಬೇಕು. ತೋಳದ ಗವಿ, ಹಕ್ಕಿಗಳ ಗೂಡು ಇರುವ ನಿಖರ ಸ್ಥಳವನ್ನು ಚಿತ್ರದೊಂದಿಗೆ ಪ್ರಕಟಿಸುವುದು ಆ ಜೀವಿಗಳಿಗೆ ಅಪಾಯಕಾರಿ.

## ಸುರಕ್ಷತೆ

ನೀರು ತುಂಬಿದ ಗಣಿ ಹೊಂಡಗಳು ಈ ಭಾಗದ ದೊಡ್ಡ ಅಪಾಯ. ಅವುಗಳ ಅಂಚು ಕಡಿದಾಗಿದ್ದು, ಮೇಲಿನ ಕಲ್ಲು ಸಡಿಲವಾಗಿರಬಹುದು; ಆಳ ಹೊರಗಿನಿಂದ ತಿಳಿಯುವುದಿಲ್ಲ. ನದಿಯ ವಿಷಯದಲ್ಲಿಯೂ ಶರತ್ಕಾಲವನ್ನು ಸಂಪೂರ್ಣ ಸುರಕ್ಷಿತವೆಂದು ಭಾವಿಸುವಂತಿಲ್ಲ. 2020ರ ಅಕ್ಟೋಬರ್ ಮಧ್ಯಭಾಗದ ಭಾರಿ ಮಳೆಗೆ ಭೀಮಾ ಮತ್ತು ಕಾಗಿಣಾ ಉಕ್ಕಿ ಹರಿದು ಜಿಲ್ಲೆಯ ಹಲವು ಗ್ರಾಮಗಳು ಜಲಾವೃತವಾದವು. ಮಳೆಯ ಮರುದಿನ ಎರೆ ಮಣ್ಣು ಕಾಲಿಗೂ ಚಕ್ರಕ್ಕೂ ಅಂಟಿಕೊಳ್ಳುವುದರಿಂದ ಹೊಲದ ದಾರಿಗಳಲ್ಲಿ ವಾಹನ ಸಿಕ್ಕಿಬೀಳುವುದು ಸಾಮಾನ್ಯ.

## ದಾಖಲೆಯಾಗಿ ಮಹತ್ವ

ವಾಡಿ, ಸೇಡಂ ಮತ್ತು ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಸುಣ್ಣಕಲ್ಲು ಈ ಪ್ರದೇಶದ ಜೀವನೋಪಾಯಗಳಲ್ಲಿ ಒಂದು. ಅದನ್ನು ತೆಗೆದ ಕಡೆ ನೆಲದ ಆಕಾರ ಮರಳಿ ಬಾರದಂತೆ ಬದಲಾಗುತ್ತದೆ. ಹೊಲವಿದ್ದಲ್ಲಿ ಗಣಿ, ಗಣಿಯಿದ್ದಲ್ಲಿ ಕೆರೆಯಂತಹ ಹೊಂಡ ಬರುವುದಕ್ಕೆ ಒಂದು ತಲೆಮಾರು ಸಾಕು. ಒಂದೇ ಸ್ಥಳದಿಂದ, ಒಂದೇ ದಿಕ್ಕಿಗೆ, ಪ್ರತಿ ವರ್ಷ ಒಂದೇ ಋತುವಿನಲ್ಲಿ ತೆಗೆದ ಚಿತ್ರಗಳು ಈ ಬದಲಾವಣೆಯನ್ನು ಅಳೆಯಲು ನೆರವಾಗುತ್ತವೆ. ಈ ವಿಧಾನವನ್ನು ಪುನರಾವರ್ತಿತ ಛಾಯಾಗ್ರಹಣ ಎನ್ನುತ್ತಾರೆ. ಹಸಿರು ಮತ್ತು ನೀರು ಎರಡೂ ಇರುವ, ಗಾಳಿ ತಿಳಿಯಾಗಿರುವ ಶರತ್ಕಾಲ ಇಂತಹ ಹೋಲಿಕೆಗೆ ಅನುಕೂಲಕರ. ಚಿತ್ರದೊಂದಿಗೆ ದಿನಾಂಕ, ಊರಿನ ಹೆಸರು ಮತ್ತು ಕ್ಯಾಮೆರಾ ನೋಡುತ್ತಿದ್ದ ದಿಕ್ಕನ್ನು ಬರೆದಿಟ್ಟರೆ ಮಾತ್ರ ಮುಂದಿನವರಿಗೆ ಅದು ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ.

## ಇವನ್ನೂ ನೋಡಿ

- ಚಿಂಚೋಳಿ ವನ್ಯಜೀವಿಧಾಮ
- ಕಾಗಿಣಾ ನದಿ
- ಮಳಖೇಡ
- ಸನ್ನತಿ
- ಶಹಾಬಾದ್ ಕಲ್ಲು