ಫೈಲಿನ ತಲೆ ಮೇಲಿನ ಒಂದು ಸಾಲು

ಈ ಸಂಚಿಕೆ ಕೇಳ್ತಾ ಇರೋ ಫೋನಲ್ಲೇ ಒಂದು ನಿಮಿಷ ಸೆಟ್ಟಿಂಗ್ಸ್‌ಗೆ ಹೋಗಿ. ಆಂಡ್ರಾಯ್ಡ್ ಆದ್ರೆ ‘ಅಬೌಟ್ ಫೋನ್’, ಐಫೋನ್ ಆದ್ರೆ ‘ಜನರಲ್’. ಒಳಗೆಲ್ಲೋ ‘ಲೀಗಲ್’ ಅಂತ ಒಂದು ಮೂಲೆ ಇರುತ್ತೆ. ತೆರೆದ್ರೆ ಮುಗಿಯದಷ್ಟು ಉದ್ದದ ಇಂಗ್ಲಿಷ್ ಬರಹ. ಯಾರೂ ಓದಲ್ಲ. ತಾಳ್ಮೆ ಇದ್ದು ಕೆಳಗೆ ಸರಿಸ್ತಾ ಹೋದ್ರೆ ‘ರೀಜೆಂಟ್ಸ್ ಆಫ್ ದಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ’ ಅನ್ನೋ ಹೆಸರು ಸಿಗುತ್ತೆ. ಅಂದ್ರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ.

ಹಾವೇರಿಯಲ್ಲೋ ಹೊಸಕೋಟೆಯಲ್ಲೋ ಕೊಂಡ ಫೋನಿನೊಳಗೆ ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಏನು ಕೆಲಸ? ಇವತ್ತಿನ ಕಥೆ ಅದೇ. ನಾನು ಕಾಮರ್ಸ್ ಓದಿರೋದು, ಕೋಡ್ ಬರೆಯೋಕೆ ಬರಲ್ಲ. ಆದ್ರೆ ಇದು ಕೋಡ್‌ಗಿಂತ ಹೆಚ್ಚಾಗಿ ಕರಾರು ಪತ್ರದ ಕಥೆ. ಕ್ಯಾಂಪಸ್‌ನಲ್ಲಿ ಕೂತು ಬರೆದ ಕೋಡ್ ಯಾರದ್ದು, ಅದನ್ನ ಊರಿಗೆಲ್ಲ ಹಂಚೋ ಹಕ್ಕು ಯಾರಿಗಿದೆ ಅನ್ನೋ ಜಗಳ.

1969ರಲ್ಲಿ ಅಮೆರಿಕದ ಟೆಲಿಫೋನ್ ದೈತ್ಯ ಎಟಿ ಅಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚ್ಚಿ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಶುರುಮಾಡಿದ್ರು. ಕಂಪನಿ ಕೈಯಲ್ಲಿ ಚಿನ್ನವೇ ಇತ್ತು, ಆದ್ರೆ ಮಾರೋ ಹಾಗಿರಲಿಲ್ಲ. ಸರ್ಕಾರದ ಜೊತೆ 1956ರಲ್ಲಿ ಕೋರ್ಟಿನಲ್ಲಾದ ಒಪ್ಪಂದದ ಪ್ರಕಾರ ಎಟಿ ಅಂಡ್ ಟಿ ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಕೇಳಿದ ವಿಶ್ವವಿದ್ಯಾಲಯಗಳಿಗೆ ಸಣ್ಣ ಮೊತ್ತಕ್ಕೆ ಯುನಿಕ್ಸನ್ನ ಮೂಲ ಕೋಡ್ ಸಮೇತ ಕೊಡ್ತಿತ್ತು.

1974ರ ಜನವರಿಯಲ್ಲಿ ಅಂಥದ್ದೊಂದು ಟೇಪ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿಗೆ ಬಂತು. ಮರುವರ್ಷ ಥಾಂಪ್ಸನ್ ತಾನು ಓದಿದ ಅದೇ ಬರ್ಕ್ಲಿಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದ್ರು. ಅದೇ ಹೊತ್ತಿಗೆ ಬಿಲ್ ಜಾಯ್ ಅನ್ನೋ ಸ್ನಾತಕೋತ್ತರ ವಿದ್ಯಾರ್ಥಿಯೂ ಬಂದ. ಇವನಿಗೆ ಯುನಿಕ್ಸ್ ಹುಚ್ಚು ಹಿಡೀತು. ಇದ್ದದ್ದನ್ನ ತಿದ್ದಿದ, ಇಲ್ಲದ್ದನ್ನ ಬರೆದ, ಟೇಪಿಗೆ ತುಂಬಿ ಬೇರೆ ಕಾಲೇಜುಗಳಿಗೆ ಕಳಿಸಿದ. ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಬಿಎಸ್‌ಡಿ, ಹುಟ್ಟಿದ್ದು ಹೀಗೆ. ಮೊದಲ ಬಿಎಸ್‌ಡಿಯ ಪ್ರತಿಗಳು ಹೋಗಿದ್ದು ಸುಮಾರು 30 ಮಾತ್ರ. 1980ರಿಂದ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ದಾರ್ಪಾ ಹಣ ಹಾಕ್ತು. 1983ರ ಬಿಎಸ್‌ಡಿಯಲ್ಲಿ ಇಂಟರ್ನೆಟ್ಟಿನ ಜೀವನಾಡಿಯಾದ ಟಿಸಿಪಿ-ಐಪಿ ಸೇರ್ಕೊಂಡಿತ್ತು.

ಇಲ್ಲೇ ತೊಡಕು ನೋಡಿ. ಬರ್ಕ್ಲಿಯವರು ಕಟ್ಟಿದ್ದು ಬೇರೆಯವರ ಸೈಟಿನಲ್ಲಿ ಮನೆ. ಇಟ್ಟಿಗೆ, ಗಾರೆ, ಕೂಲಿ ಎಲ್ಲ ಇವರದ್ದೇ, ಆದ್ರೆ ಅಡಿಪಾಯ ಎಟಿ ಅಂಡ್ ಟಿಯದ್ದು. ಬಿಎಸ್‌ಡಿ ಬೇಕಾದವರು ಮೊದಲು ಎಟಿ ಅಂಡ್ ಟಿ ಹತ್ರ ಲೈಸೆನ್ಸ್ ತಗೋಬೇಕಿತ್ತು. 1984ರಲ್ಲಿ ಎಟಿ ಅಂಡ್ ಟಿಯನ್ನ ಸರ್ಕಾರ ಒಡೆದಾಗ ಹಳೇ ನಿರ್ಬಂಧ ಹೋಯ್ತು. ಕಂಪನಿ ಯುನಿಕ್ಸನ್ನ ವ್ಯಾಪಾರಕ್ಕಿಟ್ಟಿತು, ಲೈಸೆನ್ಸ್ ಬೆಲೆ ಏರ್ತಾ ಹೋಯ್ತು.

ಆಗ ಬರ್ಕ್ಲಿಯವರು ಯೋಚನೆ ಮಾಡಿದ್ರು: ನೆಟ್‌ವರ್ಕಿಂಗ್ ಭಾಗವನ್ನಂತೂ ನಾವೇ ಬರೆದಿದ್ದೇವೆ, ಅದನ್ನಷ್ಟೇ ಬೇರೆ ತೆಗೆದು ಕೊಟ್ರೆ? 1989ರ ಜೂನ್‌ನಲ್ಲಿ ‘ನೆಟ್‌ವರ್ಕಿಂಗ್ ರಿಲೀಸ್ 1’ ಹೊರಬಂತು. ಟೇಪಿಗೆ 1,000 ಡಾಲರ್. ಆದ್ರೆ ಒಮ್ಮೆ ಕೊಂಡವರು ಯಾರಿಗೆ ಬೇಕಾದ್ರೂ ಪುಕ್ಕಟೆ ಕೊಡಬಹುದು, ತಿದ್ದಬಹುದು, ಮಾರಲೂಬಹುದು. ವಿಶ್ವವಿದ್ಯಾಲಯ ಕೇಳಿದ್ದು ಇಷ್ಟೇ: ಪ್ರತಿ ಫೈಲಿನ ತಲೆ ಮೇಲಿರೋ ಕಾಪಿರೈಟ್ ಸಾಲನ್ನ ಅಳಿಸಬೇಡಿ, ಮತ್ತು ನಿಮ್ಮ ಉತ್ಪನ್ನದಲ್ಲಿ ನಮ್ಮ ಕೋಡ್ ಇದೆ ಅಂತ ಹೇಳಿ. ರಾಯಲ್ಟಿ ಬೇಡ, ಪಾಲು ಬೇಡ. ಹೆಸರು ಉಳಿಸಿ ಸಾಕು.

ಉಳಿದದ್ದನ್ನೂ ಹೀಗೇ ಬಿಡುಗಡೆ ಮಾಡೋಣ ಅಂತ ಪಟ್ಟು ಹಿಡಿದವರು ಕೀತ್ ಬೋಸ್ಟಿಕ್. ಸಮಸ್ಯೆ ಏನು? ನೂರಾರು ಸಣ್ಣ ಪ್ರೋಗ್ರಾಂಗಳಲ್ಲಿ ಎಟಿ ಅಂಡ್ ಟಿ ಕೋಡ್ ಇತ್ತು. ಬೋಸ್ಟಿಕ್ ಇಂಟರ್ನೆಟ್ ಮೂಲಕ ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ರು: ಯುನಿಕ್ಸ್‌ನ ಕೋಡ್ ನೋಡದೆ, ಅದರ ಪ್ರಕಟಿತ ವಿವರಣೆ ಮಾತ್ರ ಓದಿ, ಒಂದೊಂದು ಪ್ರೋಗ್ರಾಂ ಹೊಸದಾಗಿ ಬರೆದುಕೊಡಿ. ಸಂಬಳ ಇಲ್ಲ. ಬರೆದ ಪ್ರೋಗ್ರಾಂ ಪಕ್ಕ ನಿಮ್ಮ ಹೆಸರು ಇರುತ್ತೆ, ಅದೇ ಕೂಲಿ. ಹದಿನೆಂಟು ತಿಂಗಳಲ್ಲಿ ಮುಖ್ಯವಾದವು ಹೆಚ್ಚುಕಮ್ಮಿ ಎಲ್ಲ ಬರೆದಾಗಿತ್ತು! ಆಮೇಲೆ ಬೋಸ್ಟಿಕ್, ಮೈಕ್ ಕ್ಯಾರಲ್ಸ್ ಮತ್ತು ಕರ್ಕ್ ಮೆಕ್ಯೂಸಿಕ್ ಕೂತು ಇಡೀ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನ ಫೈಲ್ ಫೈಲಾಗಿ ಜಾಲಿಸಿದ್ರು. ಕೊನೆಗೆ ಸುಲಭವಾಗಿ ಬದಲಿಸಲಾಗದೆ ಉಳಿದದ್ದು ಆರೇ ಫೈಲ್. ಆ ಆರನ್ನ ಬಿಟ್ಟು 1991ರ ಜೂನ್‌ನಲ್ಲಿ ‘ನೆಟ್‌ವರ್ಕಿಂಗ್ ರಿಲೀಸ್ 2’ ಕೊಟ್ರು.

ಆ ಆರು ಫೈಲಿನ ಜಾಗ ತುಂಬಿದ ಮೇಲೆ ಬಿಎಸ್‌ಡಿಐ ಅನ್ನೋ ಹೊಸ ಕಂಪನಿ 1992ರ ಜನವರಿಯಲ್ಲಿ ಪೂರ್ತಿ ಸಿಸ್ಟಮ್ಮನ್ನ 995 ಡಾಲರ್‌ಗೆ ಮಾರೋಕೆ ನಿಂತಿತು. ಎಟಿ ಅಂಡ್ ಟಿ ಬೆಲೆಗೆ ಹೋಲಿಸಿದ್ರೆ ಶೇಕಡಾ 99 ಕಡಿಮೆ ಅಂತ ಜಾಹೀರಾತು ಬೇರೆ. ಎಟಿ ಅಂಡ್ ಟಿಯ ಯುನಿಕ್ಸ್ ಸಿಸ್ಟಮ್ ಲ್ಯಾಬೊರೇಟರೀಸ್ ನ್ಯೂಜೆರ್ಸಿಯ ಕೋರ್ಟಿಗೆ ಹೋಯ್ತು. ನಮ್ಮ ಕೋಡ್, ನಮ್ಮ ವ್ಯಾಪಾರ ಗುಟ್ಟು ಇದರಲ್ಲಿದೆ, ಮಾರಾಟ ನಿಲ್ಲಿಸಿ ಅಂತ. ಸ್ವಲ್ಪ ದಿನದಲ್ಲೇ ವಿಶ್ವವಿದ್ಯಾಲಯವನ್ನೂ ಪ್ರತಿವಾದಿ ಮಾಡ್ತು.

ಇಲ್ಲಿಂದ ಇಡೀ ಕಥೆ ಆ ಒಂದು ಸಾಲಿನ ಮೇಲೆ ತಿರುಗುತ್ತೆ. 1993ರಲ್ಲಿ ನ್ಯಾಯಾಧೀಶ ಡಿಕಿನ್ಸನ್ ಡೆಬೆವಾಯ್ಸ್ ಮಾರಾಟಕ್ಕೆ ತಡೆ ಕೊಡೋಕೆ ಒಪ್ಪಲಿಲ್ಲ. ಒಂದು ಕಾರಣ ಕೇಳಿ. ಬರ್ಕ್ಲಿ ಆಧಾರವಾಗಿ ಬಳಸಿದ್ದ ಎಟಿ ಅಂಡ್ ಟಿಯ ಹಳೇ ಆವೃತ್ತಿಯನ್ನ ಕಂಪನಿ ಕಾಪಿರೈಟ್ ಸೂಚನೆಯೇ ಇಲ್ಲದೆ ಹಂಚಿಬಿಟ್ಟಿತ್ತು. ಆಗಿನ ಅಮೆರಿಕದ ಕಾನೂನಿನಲ್ಲಿ ಹಾಗೆ ಹಂಚಿದ್ರೆ ಹಕ್ಕೇ ಕೈಬಿಟ್ಟು ಹೋಗಬಹುದಿತ್ತು. ಅಷ್ಟು ದೊಡ್ಡ ಕಂಪನಿ, ಫೈಲಿನ ತಲೆ ಮೇಲೆ ಒಂದು ಸಾಲು ಹಾಕಿರಲಿಲ್ಲ.

ಇನ್ನೊಂದು ಕಡೆ ವಿಶ್ವವಿದ್ಯಾಲಯ ಕ್ಯಾಲಿಫೋರ್ನಿಯಾದಲ್ಲಿ ತಿರುಗಿ ಕೇಸ್ ಹಾಕ್ತು. ನೀವು ಮಾರ್ತಿರೋ ಸಿಸ್ಟಮ್ ಫೈವ್ ಯುನಿಕ್ಸ್‌ನಲ್ಲಿ ನಮ್ಮ ಬಿಎಸ್‌ಡಿ ಕೋಡ್ ಇದೆ. ಹೆಸರು ಹಾಕ್ತೀವಿ ಅಂತ ಸಹಿ ಮಾಡಿದ್ರಿ, ಹಾಕಿಲ್ಲ. ಪರಿಹಾರವಾಗಿ ಕೇಳಿದ್ದೂ ಹೆಸರನ್ನೇ: ಕೈಪಿಡಿಗಳನ್ನೆಲ್ಲ ನಮ್ಮ ಹೆಸರು ಸೇರಿಸಿ ಮರುಮುದ್ರಿಸಿ, ‘ವಾಲ್ ಸ್ಟ್ರೀಟ್ ಜರ್ನಲ್’ ಥರದ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಮರೆತಿದ್ದೆವು ಅಂತ ಒಪ್ಕೊಳ್ಳಿ. ಕಳ್ಳತನದ ದೂರು ಕೊಟ್ಟವರ ಮನೆಯಲ್ಲೇ ದೂರು ತಿಂದವರ ಪಾತ್ರೆ ಸಿಕ್ಕ ಹಾಗಾಯ್ತು.

ಅಷ್ಟರಲ್ಲಿ ನೊವೆಲ್ ಕಂಪನಿ ಎಟಿ ಅಂಡ್ ಟಿಯಿಂದ ಯುನಿಕ್ಸ್ ವ್ಯವಹಾರ ಕೊಂಡ್ಕೊಂಡಿತು. ಅದರ ಮುಖ್ಯಸ್ಥ ರೇ ನೂರ್ಡಾಗೆ ಕೋರ್ಟಿಗಿಂತ ಮಾರುಕಟ್ಟೆಯಲ್ಲಿ ಸೆಣಸೋದೇ ಇಷ್ಟ. 1994ರ ಜನವರಿಯಲ್ಲಿ ರಾಜಿ ಆಯ್ತು. ಸುಮಾರು 18,000 ಫೈಲುಗಳಲ್ಲಿ ತೆಗೆಯಬೇಕಾಗಿ ಬಂದದ್ದು ಎಷ್ಟು ಗೊತ್ತಾ? ಮೂರು. ಇನ್ನು ಕೆಲವು ಚಿಲ್ಲರೆ ತಿದ್ದುಪಡಿ, ಸುಮಾರು 70 ಫೈಲುಗಳ ಮೇಲೆ ಕಾಪಿರೈಟ್ ಸಾಲು. ಅಷ್ಟೇ. ಅದೇ ಜೂನ್‌ನಲ್ಲಿ ‘4.4ಬಿಎಸ್‌ಡಿ-ಲೈಟ್’ ಯಾವ ಹಂಗೂ ಇಲ್ಲದೆ ಹೊರಬಂತು. ಆ ವಂಶದ ಕೋಡ್ ಆ್ಯಪಲ್‌ನ ಸಿಸ್ಟಮ್‌ಗಳ ಒಳಗೂ ಹೋಯ್ತು, ಆಂಡ್ರಾಯ್ಡ್‌ನ ಸಿ ಲೈಬ್ರರಿ ಒಳಗೂ ಹೋಯ್ತು. ಫೋನಿನಲ್ಲಿ ಆ ಹೆಸರು ಇರೋದು ಅದಕ್ಕೇ.

ಆದ್ರೆ ಗೆದ್ದರೂ ನಷ್ಟ ಆಗಿತ್ತು. ಎರಡು ವರ್ಷ ಕೇಸಿನ ತೂಗುಗತ್ತಿ ಇದ್ದಾಗ ಬಿಎಸ್‌ಡಿ ಮುಟ್ಟೋಕೆ ಕಂಪನಿಗಳು ಹೆದರಿದವು. ಅದೇ ಅವಧಿಯಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಬೆಳೆದು ನಿಂತಿತು. ತಾನು ಶುರುಮಾಡಿದಾಗ ಪಿಸಿಗೆ ಬಿಎಸ್‌ಡಿ ಸಿಕ್ಕಿದ್ರೆ ಬಹುಶಃ ಲಿನಕ್ಸ್ ಬರೀತಾನೇ ಇರಲಿಲ್ಲ ಅಂತ ಲಿನಸ್ ಆಮೇಲೆ ಹೇಳಿದ್ದಾರೆ.

ಬರ್ಕ್ಲಿಯ ದಾರಿ ಎಲ್ಲರದ್ದೂ ಆಗಿರಲಿಲ್ಲ. ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ 1984ರ ಜನವರಿಯಲ್ಲಿ ಕೆಲಸಕ್ಕೇ ರಾಜೀನಾಮೆ ಕೊಟ್ರು. ಕಾರಣ? ನೌಕರಿಯಲ್ಲಿದ್ದು ಗ್ನು ಬರೆದ್ರೆ ನಾಳೆ ಎಂಐಟಿ ಅದು ನಮ್ಮದು ಅನ್ನಬಹುದು. ಲ್ಯಾಬಿನ ಮುಖ್ಯಸ್ಥ ಪ್ಯಾಟ್ರಿಕ್ ವಿನ್‌ಸ್ಟನ್, ಕೆಲಸ ಬಿಟ್ಟರೂ ಲ್ಯಾಬ್ ಬಳಸ್ಕೋ ಅಂದ್ರು, ಅದು ಅವರ ದೊಡ್ಡತನ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಗಿದ್ದು ಇದರ ಉಲ್ಟಾ. 1993ರಲ್ಲಿ ಮಾರ್ಕ್ ಆ್ಯಂಡ್ರೀಸನ್ ಮತ್ತು ಎರಿಕ್ ಬೀನಾ ಅಲ್ಲಿ ಬರೆದ ಮೊಸಾಯಿಕ್ ಬ್ರೌಸರ್ ವಿಶ್ವವಿದ್ಯಾಲಯದ ಆಸ್ತಿ. ಆ್ಯಂಡ್ರೀಸನ್ ಹೊರಗೆ ಹೋಗಿ ಕಂಪನಿ ಮಾಡಿದಾಗ ಮೊಸಾಯಿಕ್ ಅನ್ನೋ ಹೆಸರನ್ನೂ ಬಿಡಬೇಕಾಯ್ತು, ಕೋಡನ್ನೂ ಮೊದಲಿಂದ ಬರೀಬೇಕಾಯ್ತು. ಅದೇ ನೆಟ್‌ಸ್ಕೇಪ್. ವಿಶ್ವವಿದ್ಯಾಲಯ ಮೊಸಾಯಿಕ್ ಹಕ್ಕನ್ನ ಸ್ಪೈಗ್ಲಾಸ್ ಕಂಪನಿಗೆ ಕೊಡ್ತು, ಅಲ್ಲಿಂದ ಮೈಕ್ರೋಸಾಫ್ಟ್ ಲೈಸೆನ್ಸ್ ತಗೊಂಡು ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾಡ್ತು. ನೆಟ್‌ಸ್ಕೇಪನ್ನ ಮಾರುಕಟ್ಟೆಯಲ್ಲಿ ಮಣ್ಣು ಮುಕ್ಕಿಸಿದ್ದು ಅದೇ ಎಕ್ಸ್‌ಪ್ಲೋರರ್.

ಮೂರು ಕ್ಯಾಂಪಸ್, ಮೂರು ಫಲ. ಬುದ್ಧಿವಂತಿಕೆ ಮೂರೂ ಕಡೆ ಇತ್ತು. ವ್ಯತ್ಯಾಸ ಇದ್ದದ್ದು ಯಾರ ಹೆಸರಿನಲ್ಲಿ ಏನು ಬರೆದಿಟ್ಟಿದ್ರು ಅನ್ನೋದ್ರಲ್ಲಿ.

ಹೆಸರಿನ ಹಂಬಲವೂ ಅತಿಯಾಗಬಹುದು ಅನ್ನೋದು ನಿಜ. ಬಿಎಸ್‌ಡಿ ಲೈಸೆನ್ಸ್‌ನಲ್ಲಿ ಜಾಹೀರಾತಿನಲ್ಲೂ ನಮ್ಮ ಹೆಸರು ಹಾಕಿ ಅನ್ನೋ ಷರತ್ತು ಬಂತು. ಬೇರೆಯವರೂ ತಮ್ಮ ತಮ್ಮ ಹೆಸರು ಸೇರಿಸಿ ಅದನ್ನೇ ನಕಲು ಮಾಡಿದ್ರು. 1997ರ ನೆಟ್‌ಬಿಎಸ್‌ಡಿಯಲ್ಲಿ ಇಂಥ 75 ವಾಕ್ಯಗಳನ್ನ ಸ್ಟಾಲ್‌ಮನ್ ಎಣಿಸಿದ್ರು. ಮದುವೆ ಕರೆಯೋಲೆಯಲ್ಲಿ ನೆಂಟರ ಪಟ್ಟಿ ಮುಗಿಯದಂತೆ! 1999ರ ಜುಲೈನಲ್ಲಿ ವಿಶ್ವವಿದ್ಯಾಲಯವೇ ಆ ಷರತ್ತು ಕೈಬಿಟ್ಟಿತು. ಫೈಲಿನ ಮೇಲಿನ ಸಾಲು ಮಾತ್ರ ಉಳೀತು.

ಈಗ ನಿಮ್ಮ ಮಾತು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕವೇ. 17ನೇ ಸೆಕ್ಷನ್ ಪ್ರಕಾರ ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ರೆ, ಮಾಲೀಕರದ್ದು. ಆದ್ರೆ ವಿದ್ಯಾರ್ಥಿ ನೌಕರ ಅಲ್ಲ. ಫೈನಲ್ ಇಯರ್ ಪ್ರಾಜೆಕ್ಟ್‌ನ ಕೋಡ್ ಸಾಮಾನ್ಯವಾಗಿ ಬರೆದವರದ್ದೇ, ನೀವು ಎಲ್ಲೋ ಬೇರೆ ಥರ ಸಹಿ ಹಾಕಿರದಿದ್ರೆ. ಆ ‘ಎಲ್ಲೋ’ ಅನ್ನೋದೇ ಮುಖ್ಯ: ಅಡ್ಮಿಷನ್ ಫಾರಂ, ಕಾಲೇಜಿನ ಬೌದ್ಧಿಕ ಆಸ್ತಿ ನೀತಿ, ಹಣ ಕೊಟ್ಟ ಕಂಪನಿಯ ಕರಾರು, ಇಂಟರ್ನ್‌ಶಿಪ್ ಪತ್ರ. ಇವನ್ನ ಪ್ರಾಜೆಕ್ಟ್ ಶುರುವಾಗೋ ಮೊದಲು ಓದಿ, ಮುಗಿದ ಮೇಲಲ್ಲ.

ಮತ್ತೆ, ಕೋಡನ್ನ ಇಂಟರ್ನೆಟ್ಟಿಗೆ ಹಾಕಿದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗಲ್ಲ. ಲೈಸೆನ್ಸ್ ಬರೆಯದಿದ್ರೆ ಬೇರೆಯವರಿಗೆ ಅದನ್ನ ಹಂಚೋ ಹಕ್ಕೇ ಹುಟ್ಟಲ್ಲ. ಹಾಗಾಗಿ ಮೊದಲ ಫೈಲ್ ತೆರೆದ ದಿನವೇ ಮೇಲೊಂದು ಸಾಲು ಹಾಕಿ: ಯಾರು ಬರೆದದ್ದು, ಯಾವ ವರ್ಷ, ಯಾರಿಗೆ ಏನು ಅನುಮತಿ. ನಾಲ್ಕು ಜನ ಸೇರಿ ಬರೆದಿದ್ರೆ ನಾಲ್ಕೂ ಹೆಸರು ಹಾಕಿ. ಎಟಿ ಅಂಡ್ ಟಿಗೇ ದುಬಾರಿಯಾದ ಮರೆವು ಅದು. ನಿಮಗೆ ಖರ್ಚಾಗೋದು ಅರ್ಧ ನಿಮಿಷ.