ಎಕ್ಸ್‌ಟ್ರಾ ಬೆಡ್ಡಿಗೂ ಒಂದು ಇತಿಹಾಸವಿದೆ

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮುಂಬೈಗೋ ದೆಹಲಿಗೋ ಹೊರಟವರು, ಒಂದೆರಡು ರಾತ್ರಿಯಾದರೂ ದೊಡ್ಡ ಹೋಟೆಲಿನಲ್ಲಿ ಇರೋಣ ಅಂತ ಆಸೆಪಟ್ಟರೆ ಮೊದಲು ನೋಡುವುದು ರೂಮಿನ ಬಾಡಿಗೆ. ಆಮೇಲೆ ಕಣ್ಣು ಹೋಗುವುದು ಅದರ ಕೆಳಗಿನ ಸಣ್ಣಕ್ಷರಕ್ಕೆ. ಇಂತಿಷ್ಟು ವಯಸ್ಸಿನೊಳಗಿನ ಮಕ್ಕಳಿಗೆ ಉಚಿತ, ಎಕ್ಸ್‌ಟ್ರಾ ಬೆಡ್ ಬೇಕಾದರೆ ಬೇರೆ ದುಡ್ಡು ಅಂತ ಅಲ್ಲಿ ಬರೆದಿರುತ್ತದೆ. ಈ ಸಾಲು ಹೋಟೆಲಿನವರ ಔದಾರ್ಯದಿಂದ ಸುಮ್ಮನೆ ಬಂದದ್ದಲ್ಲ. ಹೋಟೆಲು ಯಾರನ್ನು ಅತಿಥಿ ಅಂತ ಎಣಿಸುತ್ತದೆ, ಯಾರನ್ನು ಎಣಿಸುವುದಿಲ್ಲ ಅನ್ನುವ ಹಳೆಯ ಜಗಳದ ಉಳಿಕೆ ಅದು.

ನಮ್ಮ ಕಡೆ ಹೋಟೆಲ್ ಅಂದರೆ ಇಡ್ಲಿ-ವಡೆ, ಮಸಾಲೆ ದೋಸೆ. ಉಳಿಯುವುದಕ್ಕೆ ನೆಂಟರ ಮನೆ, ಅದಿಲ್ಲದಿದ್ದರೆ ಛತ್ರ. ಛತ್ರದಲ್ಲಿ ಮಕ್ಕಳನ್ನು ಯಾರೂ ಲೆಕ್ಕ ಹಾಕುತ್ತಿರಲಿಲ್ಲ, ಚಾಪೆ ಹಾಸಿದರೆ ಎಂಟು ಜನವಾದರೂ ಸರಿ, ಹನ್ನೆರಡಾದರೂ ಸರಿ. ತಲೆ ಎಣಿಸಿ ದುಡ್ಡು ತೆಗೆದುಕೊಳ್ಳುವ, ಸುಖವನ್ನೇ ಮಾರುವ ಹೋಟೆಲು ಬಂದದ್ದು ಹೊರಗಿನಿಂದ.

ಈಗಿನ ದೊಡ್ಡ ಹೋಟೆಲುಗಳ ಮೂಲ ಹುಡುಕುವವರು ಸಾಮಾನ್ಯವಾಗಿ ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗುತ್ತಾರೆ. ಅಲ್ಲಿ 1829ರಲ್ಲಿ ಟ್ರೆಮಾಂಟ್ ಹೌಸ್ ತೆರೆಯಿತು. ಒಬ್ಬೊಬ್ಬರಿಗೂ ಬೀಗವಿರುವ ಕೋಣೆ, ಪುಕ್ಕಟೆ ಸೋಪು, ಕಟ್ಟಡದೊಳಗೇ ನಲ್ಲಿ ನೀರು. ಅದಕ್ಕೆ ಮೊದಲು ಇನ್‌ಗಳಲ್ಲಿ ಗುರುತಿಲ್ಲದವರ ಜೊತೆ ಕೋಣೆ, ಕೆಲವೊಮ್ಮೆ ಹಾಸಿಗೆಯನ್ನೂ ಹಂಚಿಕೊಂಡು ಮಲಗಬೇಕಿತ್ತು. ಬೀಗದ ಕೈ ಸಿಕ್ಕ ಮೇಲೆಯೇ ಹೆಂಡತಿ ಮಕ್ಕಳ ಜೊತೆ ನೆಮ್ಮದಿಯಾಗಿ ಹೋಟೆಲಿನಲ್ಲಿ ಉಳಿಯುವ ಮಾತು.

ಅಮೆರಿಕದ ಆಗಿನ ಹೋಟೆಲುಗಳಲ್ಲಿ ಬಾಡಿಗೆಯ ಜೊತೆಗೇ ಎಲ್ಲ ಊಟವೂ ಸೇರಿರುತ್ತಿತ್ತು. ಅದಕ್ಕೆ ಅಮೆರಿಕನ್ ಪ್ಲಾನ್ ಅಂತ ಹೆಸರು. ಬರೀ ಕೋಣೆಗೆ ದುಡ್ಡು, ಊಟ ನಿಮ್ಮದು ಅನ್ನುವುದು ಯುರೋಪಿಯನ್ ಪ್ಲಾನ್. ಇವತ್ತಿಗೂ ನಮ್ಮ ದೇಶದ ದರಪಟ್ಟಿಗಳಲ್ಲಿ ಎಪಿ, ಇಪಿ ಅಂತ ಬರುತ್ತದಲ್ಲ, ಅದು ಇದೇ. ಸಿಪಿ ಅಂದರೆ ತಿಂಡಿ ಸೇರಿ, ಎಂಎಪಿ ಅಂದರೆ ತಿಂಡಿಯ ಜೊತೆ ಇನ್ನೊಂದು ಹೊತ್ತಿನ ಊಟವೂ ಸೇರಿ. ಎರಡು ಹಸಿದ ಮಕ್ಕಳಿದ್ದಾಗ ಈ ಎರಡಕ್ಷರಗಳ ವ್ಯತ್ಯಾಸ ಸಾವಿರಗಟ್ಟಲೆ ರೂಪಾಯಿ ಆಗಬಹುದು.

ಊಟ ಸೇರಿದ್ದರಿಂದ ಅಮೆರಿಕದಲ್ಲಿ ಎಷ್ಟೋ ಸಂಸಾರಗಳು ಹೋಟೆಲಿನಲ್ಲೇ ವರ್ಷಗಟ್ಟಲೆ ವಾಸ ಮಾಡುತ್ತಿದ್ದವು. ಅಡುಗೆಯ ಚಿಂತೆಯಿಲ್ಲ, ಆಳುಕಾಳಿನ ತಾಪತ್ರಯವಿಲ್ಲ. ಮಕ್ಕಳು ಮೊಗಸಾಲೆಯಲ್ಲಿ ಓಡಾಡಿಕೊಂಡು, ದೊಡ್ಡವರ ಮೇಜಿನಲ್ಲೇ ಕೂತು ಬೇಕಾದ್ದು ತರಿಸಿಕೊಂಡು ತಿನ್ನುತ್ತಿದ್ದರು. 1860ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೋಲೊಪ್ ಈ ಮಕ್ಕಳನ್ನು ನೋಡಿ ತನ್ನ ಪ್ರವಾಸ ಕಥನದಲ್ಲಿ ಚೆನ್ನಾಗಿ ಗೊಣಗಿದ್ದಾನೆ. ಹೆನ್ರಿ ಜೇಮ್ಸ್ 1878ರಲ್ಲಿ ಬರೆದ ‘ಡೈಸಿ ಮಿಲ್ಲರ್’ ಕಥೆಯಲ್ಲೂ ಸ್ವಿಟ್ಜರ್ಲೆಂಡಿನ ಹೋಟೆಲಿನಲ್ಲಿ ಸಕ್ಕರೆ ತುಂಡು ಕೇಳುತ್ತಾ ಓಡಾಡುವ ಒಂಬತ್ತು ವರ್ಷದ ತುಂಟ ಹುಡುಗನಿದ್ದಾನೆ. ಹೋಟೆಲಿನಲ್ಲಿ ಮಕ್ಕಳ ಗಲಾಟೆಯ ದೂರು ಹೊಸದೇನಲ್ಲ ನೋಡಿ.

ಯುರೋಪಿನ ಐಷಾರಾಮಿ ಹೋಟೆಲುಗಳ ದಾರಿ ಬೇರೆ. 1889ರಲ್ಲಿ ಲಂಡನ್ನಿನ ಸವಾಯ್ ವಿದ್ಯುತ್ ದೀಪ, ಲಿಫ್ಟುಗಳ ಜೊತೆ ತೆರೆಯಿತು. ಅಲ್ಲಿ ಮ್ಯಾನೇಜರಾಗಿದ್ದ ಸೀಜರ್ ರಿಟ್ಜ್ 1898ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನದೇ ಹೆಸರಿನ ಹೋಟೆಲು ತೆರೆದ. ಅಲ್ಲಿಗೆ ಬರುವ ಶ್ರೀಮಂತರು ಆಳುಗಳನ್ನೂ ದಾದಿಯರನ್ನೂ ಜೊತೆಗೇ ತರುತ್ತಿದ್ದರು. ಮಗುವನ್ನು ನೋಡಿಕೊಳ್ಳುವುದು ದಾದಿಯ ಕೆಲಸವೇ ಹೊರತು ಹೋಟೆಲಿನ ಕೆಲಸವಲ್ಲ. ಇತ್ತ ಅಮೆರಿಕದಲ್ಲಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಅನ್ನುವವನು 1908ರಲ್ಲಿ ಬಫಲೋ ನಗರದ ತನ್ನ ಹೋಟೆಲಿನಲ್ಲಿ ಪ್ರತಿ ಕೋಣೆಗೂ ಬಚ್ಚಲುಮನೆ ಕೊಟ್ಟು, ಬಾಡಿಗೆಯನ್ನು ಒಂದೂವರೆ ಡಾಲರಿನಿಂದ ಶುರುಮಾಡಿದ. ಅವನ ಮನಸ್ಸಿನಲ್ಲಿದ್ದದ್ದು ಪೆಟ್ಟಿಗೆ ಹಿಡಿದು ಊರೂರು ಸುತ್ತುವ ವ್ಯಾಪಾರಿ. ಸಿಟಿ ಹೋಟೆಲಿನ ಎಷ್ಟೋ ಕೋಣೆಗಳು ನಾಲ್ಕು ಜನರ ಸಂಸಾರಕ್ಕೆ ಇವತ್ತಿಗೂ ಬಿಗಿಯಾಗುವುದು ಇದಕ್ಕೇ. ಅವುಗಳ ಅಳತೆ ಹುಟ್ಟಿದ್ದೇ ಒಬ್ಬಿಬ್ಬರ ಲೆಕ್ಕದಲ್ಲಿ.

ಅದೇ ಕಾಲದ ಮುಂಬೈಯಲ್ಲಿ ಜಗಳ ಮಕ್ಕಳದ್ದಲ್ಲ, ಮೈಬಣ್ಣದ್ದು. ಅಲ್ಲಿನ ಹೆಸರಾಂತ ವಾಟ್ಸನ್ ಹೋಟೆಲು ಯುರೋಪಿಯನ್ನರಿಗೆ ಮೀಸಲಾಗಿತ್ತು. ಜಮ್‌ಶೇಟ್‌ಜಿ ಟಾಟಾ ಅವರನ್ನು ಒಳಗೆ ಬಿಡಲಿಲ್ಲ, ಅದಕ್ಕೇ ಅವರು ತಾಜ್ ಕಟ್ಟಿದರು ಅಂತ ಒಂದು ಕಥೆ ಇದೆ. ಇತಿಹಾಸಕಾರರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕಥೆ ಏನೇ ಇರಲಿ, 1903ರ ಡಿಸೆಂಬರ್ 16ರಂದು ತಾಜ್ ಮಹಲ್ ಹೋಟೆಲು ತೆರೆದಾಗ ಭಾರತೀಯರೂ ಮುಂಬಾಗಿಲಿನಿಂದಲೇ ಒಳಗೆ ಹೋದರು. ಶುರುವಿಗೆ ಇದ್ದ ಅತಿಥಿಗಳು ಬರೀ ಹದಿನೇಳು ಮಂದಿ. ಹೀಗೆ ಒಬ್ಬೊಬ್ಬರಾಗಿ ಹೋಟೆಲಿನ ಲೆಕ್ಕಕ್ಕೆ ಸೇರುತ್ತಾ ಬಂದರು. ಮಕ್ಕಳ ಸರದಿ ಬಂದದ್ದು ಇನ್ನೂ ಅರ್ಧ ಶತಮಾನದ ಮೇಲೆ, ಅದೂ ರಸ್ತೆ ಬದಿಯ ಅಗ್ಗದ ಮೋಟೆಲಿನಿಂದ.

1951ರಲ್ಲಿ ಅಮೆರಿಕದ ಮೆಂಫಿಸ್ ಊರಿನ ಕೆಮನ್ಸ್ ವಿಲ್ಸನ್ ಹೆಂಡತಿ ಮತ್ತು ಐದು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ರಾಜಧಾನಿ ವಾಷಿಂಗ್ಟನ್ ನೋಡಲು ಹೊರಟ. ಮನೆ ಕಟ್ಟಿ ಮಾರುವುದು ಅವನ ಕಸುಬು. ದಾರಿಯ ಮೋಟೆಲುಗಳು ಒಂದೊಂದು ಮಗುವಿಗೂ ಎರಡೆರಡು ಡಾಲರ್ ಹೆಚ್ಚಿಗೆ ಕೇಳಿದವು. ಐದು ಮಕ್ಕಳಿಗೆ ಹತ್ತು ಡಾಲರ್! ಮಕ್ಕಳು ಮಲಗಿದ್ದು ಅದೇ ಕೋಣೆಯಲ್ಲಿ. ವಿಲ್ಸನ್‌ಗೆ ಪಿತ್ತ ನೆತ್ತಿಗೇರಿತು. ಇಂಥ ನಾನೂರು ಹೋಟೆಲು ಕಟ್ಟುತ್ತೇನೆ, ಮಕ್ಕಳಿಗೆ ಒಂದು ಕಾಸೂ ತೆಗೆದುಕೊಳ್ಳುವುದಿಲ್ಲ ಅಂದ. ಹೆಂಡತಿ ನಕ್ಕುಬಿಟ್ಟಳಂತೆ. ಅವನು ಮಾತ್ರ ಉಳಿದ ಕಡೆಯೆಲ್ಲ ಟೇಪು ಹಿಡಿದು ಕೋಣೆಗಳ ಅಳತೆ ತೆಗೆದುಕೊಂಡೇ ಊರಿಗೆ ಬಂದ.

1952ರ ಆಗಸ್ಟಿನಲ್ಲಿ ಮೆಂಫಿಸ್ಸಿನ ಸಮ್ಮರ್ ಅವೆನ್ಯೂ ರಸ್ತೆಯಲ್ಲಿ ಅವನ ಮೊದಲ ಹಾಲಿಡೇ ಇನ್ ತೆರೆಯಿತು. ನಕ್ಷೆ ಬರೆದವನು ಬಿಂಗ್ ಕ್ರಾಸ್ಬಿಯ ಸಿನಿಮಾ ನೋಡಿ ತಮಾಷೆಗೆ ಆ ಹೆಸರು ಗೀಚಿದ್ದನಂತೆ, ಅದೇ ಖಾಯಂ ಆಯಿತು. ಅಪ್ಪ ಅಮ್ಮನ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ದುಡ್ಡಿಲ್ಲ. ಈಜುಕೊಳ, ಎಸಿ, ಟೀವಿ ಎಲ್ಲ ಉಂಟು. 1968ರ ಹೊತ್ತಿಗೆ ಸಾವಿರದ ಹಾಲಿಡೇ ಇನ್ ಬಂತು. ಉಳಿದವರು ಬೆನ್ನುಹತ್ತದೆ ಗತಿಯಿರಲಿಲ್ಲ. ಇವತ್ತು ಪಂಚತಾರಾ ಹೋಟೆಲುಗಳೂ ‘ಮಕ್ಕಳಿಗೆ ಉಚಿತ’ ಅಂತ ಹೆಮ್ಮೆಯಿಂದ ಹಾಕಿಕೊಳ್ಳುತ್ತವೆ.

ಆದರೆ ಐಷಾರಾಮದ ಹೋಟೆಲು ಮಕ್ಕಳ ಕನಸಿಗೆ ಇಳಿದದ್ದು ಪುಸ್ತಕ, ಸಿನಿಮಾಗಳಿಂದ. ನ್ಯೂಯಾರ್ಕಿನ ಪ್ಲಾಜಾ ಹೋಟೆಲು 1907ರದ್ದು. 1955ರಲ್ಲಿ ಕೇ ಥಾಂಪ್ಸನ್ ಬರೆದ ‘ಎಲೊಯಿಸ್’ ಪುಸ್ತಕದ ಆರು ವರ್ಷದ ಹುಡುಗಿ ಅದರಲ್ಲೇ ವಾಸ ಮಾಡಿಕೊಂಡು ಇಡೀ ಹೋಟೆಲನ್ನು ಕುಣಿಸುತ್ತಾಳೆ. 1992ರ ‘ಹೋಮ್ ಅಲೋನ್ 2’ ಸಿನಿಮಾದ ಹುಡುಗ ಅಪ್ಪನ ಕ್ರೆಡಿಟ್ ಕಾರ್ಡಿನಲ್ಲಿ ಅದೇ ಪ್ಲಾಜಾಕ್ಕೆ ಹೋಗಿ ಇಳಿಯುತ್ತಾನೆ. ಎರಡರಲ್ಲೂ ಅಪ್ಪ ಅಮ್ಮ ಜೊತೆಗಿಲ್ಲ, ಗಮನಿಸಿ. ಓಡಬೇಡ, ಮುಟ್ಟಬೇಡ, ಮೆಲ್ಲಗೆ ಮಾತಾಡು ಅಂತ ಹೇಳುವವರೇ ಇಲ್ಲ. ದೊಡ್ಡ ಹೋಟೆಲಿಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಈ ಮಾತುಗಳೇ ಅರ್ಧ ಪ್ರವಾಸ ಅಂತ ಗೊತ್ತು.

ಆದ್ದರಿಂದ ನಕ್ಷತ್ರ ಎಣಿಸುವ ಮೊದಲು, ಆ ಹೋಟೆಲು ಯಾರಿಗಾಗಿ ಕಟ್ಟಿದ್ದು ಅಂತ ಕೇಳಿಕೊಳ್ಳುವುದು ಒಳ್ಳೆಯದು. ಮೈಸೂರಿನ ಲಲಿತ ಮಹಲ್ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ವೈಸ್‌ರಾಯ್‌ಗಾಗಿ ಕಟ್ಟಿಸಿದ್ದು, ಹೋಟೆಲಾದದ್ದು 1974ರಲ್ಲಿ. ಅಂಥ ಕಟ್ಟಡದ ಎತ್ತರದ ಸೂರು, ಅಗಲದ ಮೆಟ್ಟಿಲು ಮಕ್ಕಳ ನೆನಪಿನಲ್ಲಿ ಉಳಿಯುತ್ತವೆ. ಮುಂಬೈ ತಾಜ್‌ನಲ್ಲಿ ಹಳೆಯ ಕಟ್ಟಡ ಬೇರೆ, 1970ರ ದಶಕದ ಟವರ್ ಬೇರೆ. ಹೆಸರು ಒಂದೇ ಅಂತ ಕಣ್ಣುಮುಚ್ಚಿ ದುಡ್ಡು ಕಟ್ಟಬಾರದು. ಇನ್ನು ವ್ಯಾಪಾರದ ಕೆಲಸಕ್ಕೆ ಬರುವವರನ್ನೇ ನಂಬಿರುವ ಹೋಟೆಲುಗಳು ಶನಿವಾರ, ಭಾನುವಾರ ಖಾಲಿ ಹೊಡೆಯುವುದುಂಟು. ಆಗ ಬಾಡಿಗೆಯೂ ಇಳಿಯಬಹುದು, ಕೇಳಿ ನೋಡಿ.

ಉಚಿತ ಅನ್ನುವುದು ಎಷ್ಟು ವರ್ಷದವರೆಗೆ, ತಿಂಡಿಯೂ ಅದರಲ್ಲಿ ಸೇರಿದೆಯಾ ಅಂತಲೂ ವಿಚಾರಿಸಿ. ಮಗು ಉಚಿತ ಅಂದರೆ ಎಷ್ಟೋ ಕಡೆ ನಿಮ್ಮ ಹಾಸಿಗೆಯಲ್ಲೇ ಮಲಗಬೇಕು ಅಂತ ಅರ್ಥ. ಎರಡು ರೂಮು ತೆಗೆದುಕೊಳ್ಳುವುದಾದರೆ ಕನೆಕ್ಟಿಂಗ್ ಅಂತಲೇ ಬರೆಸಿಕೊಳ್ಳಿ. ಕನೆಕ್ಟಿಂಗ್‌ಗೆ ಒಳಗಿನಿಂದ ಬಾಗಿಲಿರುತ್ತದೆ, ಅಡ್ಜಾಯ್ನಿಂಗ್ ಅಂದರೆ ಬರೀ ಅಕ್ಕಪಕ್ಕ. ರಾತ್ರಿ ಎರಡು ಗಂಟೆಗೆ ಮಗು ಎದ್ದು ಅತ್ತಾಗ ಆ ಬಾಗಿಲಿನ ಬೆಲೆ ತಿಳಿಯುತ್ತದೆ. ಬುಕ್ ಮಾಡುವಾಗ ಮಕ್ಕಳ ವಯಸ್ಸನ್ನು ಮುಚ್ಚಿಡದೆ ಹೇಳಿ, ಒಪ್ಪಿಕೊಂಡದ್ದನ್ನು ಅವರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಎಕ್ಸ್‌ಟ್ರಾ ಬೆಡ್ಡಿಗೆ ಎಷ್ಟು ಅನ್ನುವುದೂ ಅದರಲ್ಲೇ ಇರಲಿ.